ಸಿಗ್ನಲ್ ಪಕ್ಕದ ಸ್ಲಿಟ್‌ಸ್ಕ್ಯಾನ್: ಇಲ್ಲಿ ಅಗಲ ಅಂದ್ರೆ ಸಮಯ

ಸ್ಲಿಟ್‌ಸ್ಕ್ಯಾನ್ ಅಂದ್ರೆ ವಿಡಿಯೊದ ಒಂದೇ ಗೆರೆಯನ್ನು ಮತ್ತೆ ಮತ್ತೆ ತೆಗೆದು ಪಕ್ಕಪಕ್ಕ ಜೋಡಿಸಿ ಮಾಡುವ ಉದ್ದನೆಯ ಚಿತ್ರ. ಹಾಗೆ ಮಾಡಿದ ನನ್ನ ಟ್ರಾಫಿಕ್ ಚಿತ್ರಪಟ್ಟಿ ಕೊನೆಗೂ ನಾಲ್ಕು ಜನಕ್ಕೆ ತೋರಿಸೋ ಹಾಗಾಗಿದೆ. ಜಾಗ: ಬನಶಂಕರಿ ಕಡೆ ಸ್ನೇಹಿತನ ಮನೆಯ ಮೊದಲ ಮಹಡಿ ಬಾಲ್ಕನಿ. ಎದುರಿಗೆ ಡಿವೈಡರ್ ಇಲ್ಲದ ರಸ್ತೆ, ಸ್ವಲ್ಪ ಮುಂದೆ ಸಿಗ್ನಲ್.

ಕೆಲಸ ಇಷ್ಟೇ. ಫೋನನ್ನು ಅಲ್ಲಾಡದಂತೆ ನಿಲ್ಲಿಸಿ ವಿಡಿಯೊ ತೆಗೆಯಬೇಕು. ಪ್ರತಿ ಫ್ರೇಮಿನ (ವಿಡಿಯೊದ ಒಂದೊಂದು ಚಿತ್ರದ) ನಡುವಿನಿಂದ ಒಂದೇ ಪಿಕ್ಸೆಲ್ ಅಗಲದ ಕಾಲಂ, ಅಂದ್ರೆ ಮೇಲಿಂದ ಕೆಳಗಿನ ಗೆರೆ, ಕತ್ತರಿಸಿ, ಎಡದಿಂದ ಬಲಕ್ಕೆ ಒಂದರ ಪಕ್ಕ ಒಂದು ಅಂಟಿಸುತ್ತಾ ಹೋಗಬೇಕು. ಪೈಥಾನ್ ಪ್ರೋಗ್ರಾಮಿಂಗ್ ಭಾಷೆ, ಅದರ ಓಪನ್‌ಸಿವಿ, ನಮ್‌ಪೈ ಲೈಬ್ರರಿಗಳು ಇದ್ದರೆ ಹತ್ತು ಹದಿನೈದು ಸಾಲಿನ ಕೋಡ್. ಹೀಗೆ ಬಂದ ಚಿತ್ರದಲ್ಲಿ ಎತ್ತರ ಎತ್ತರವೇ. ಅಗಲ ಮಾತ್ರ ಉದ್ದವಲ್ಲ, ಸಮಯ. ಓಟದ ಫೋಟೊ ಫಿನಿಶ್ ಕ್ಯಾಮೆರಾ ಮಾಡೋದೂ ಇದನ್ನೇ, ಕೊನೆಯ ಗೆರೆಯೊಂದನ್ನೇ ನೋಡುತ್ತಾ ಕೂರುತ್ತದೆ. 1984ರ ಲಾಸ್ ಏಂಜಲೀಸ್ ಒಲಿಂಪಿಕ್ಸ್‌ನಲ್ಲಿ ಪಿ.ಟಿ. ಉಷಾ ಅವರಿಗೆ ಕಂಚು ತಪ್ಪಿದ್ದು ಸೆಕೆಂಡಿನ ನೂರರಲ್ಲಿ ಒಂದು ಪಾಲಿನಿಂದ, ಅಲ್ವಾ? ನನ್ನ ಫೋನಿನ ಸೆಕೆಂಡಿಗೆ 240 ಫ್ರೇಮ್ ಸ್ಲೋಮೋಷನ್‌ನಲ್ಲಿ ಆ ಅಂತರ ಎರಡೂವರೆ ಕಾಲಂ ಕೂಡ ಆಗಲ್ಲ.

ಈಗ ಲೆಕ್ಕ. 1920 ಪಿಕ್ಸೆಲ್ ಅಗಲದ ಫ್ರೇಮಿನಲ್ಲಿ ಈಚೆ ಲೇನಿನ ಸುಮಾರು 12 ಮೀಟರ್ ರಸ್ತೆ ಬರುತ್ತದೆ. ಅಂದರೆ 4 ಮೀಟರ್ ಕಾರು ಮೂಲ ವಿಡಿಯೊದಲ್ಲಿ 640 ಪಿಕ್ಸೆಲ್. ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋದರೆ 60 ಫ್ರೇಮ್ ವಿಡಿಯೊದಿಂದ ಅದಕ್ಕೆ ಸಿಗೋದು ಬರೀ 29 ಕಾಲಂ. ಕಾರು ಹೋಗಿ ಕಡ್ಡಿ! 240 ಫ್ರೇಮ್‌ಗೆ ಹೋದರೂ 115. ಕತ್ತರಿಸುವ ಕಾಲಂ ಅಗಲ ಮಾಡಬಹುದು, ಆದರೆ ಆಗ ಒಂದು ವೇಗದ ಗಾಡಿ ಮಾತ್ರ ನೆಟ್ಟಗೆ ಕೂರುತ್ತದೆ. ನಿಧಾನದ್ದರ ತುಣುಕುಗಳು ಎರಡೆರಡು ಸಲ ಬರುತ್ತವೆ, ಜೋರಾಗಿ ಹೋದದ್ದರಲ್ಲಿ ಭಾಗಗಳೇ ಮಾಯ. 240 ಫ್ರೇಮ್‌ನಲ್ಲಿ ಒಂದು ಪಿಕ್ಸೆಲ್‌ಗೇ ಅಂಟಿಕೊಂಡರೆ ಗಾಡಿ ಗಂಟೆಗೆ 5 ಕಿ.ಮೀ.ನಲ್ಲಿ ತೆವಳಬೇಕು. ಆಗ 4 ಮೀಟರ್ ಕಾರಿಗೆ ಸುಮಾರು 690 ಕಾಲಂ ಸಿಗುತ್ತದೆ, ಹೆಚ್ಚುಕಡಿಮೆ ಸಹಜ ಆಕಾರ. ಸಂಜೆ ಆರೂವರೆಗೆ ಬೆಂಗಳೂರಿನಲ್ಲಿ ಇಷ್ಟು ವೇಗ ಕೇಳದೇ ಸಿಗುತ್ತದೆ. ಜಾಮ್ ಆಗಲಿ ಅಂತ ಹರಸಿಕೊಂಡು ಕೂತ ಮನುಷ್ಯ ಈ ಊರಲ್ಲಿ ನಾನೊಬ್ಬನೇ ಇರಬೇಕು.

ಪಟ್ಟಿಯಲ್ಲಿ ಮೊದಲು ಕಣ್ಣಿಗೆ ಬೀಳೋದು ಏನಂದ್ರೆ, ಎರಡೂ ದಿಕ್ಕಿನ ಗಾಡಿಗಳು ಒಂದೇ ಕಡೆ ಮುಖ ಮಾಡಿರುತ್ತವೆ. ಯಾವುದೇ ಗಾಡಿಯಾದರೂ ಮೂತಿ ಮೊದಲು ನಾವು ಕತ್ತರಿಸುವ ಗೆರೆ ದಾಟುತ್ತದಲ್ಲ, ಹಾಗಾಗಿ ಮೂತಿ ಎಡಕ್ಕೆ, ಬಾಲ ಬಲಕ್ಕೆ. ಈಚೆ ಲೇನಿನವು ನಿಜಕ್ಕೂ ಎಡಕ್ಕೇ ಹೋಗುತ್ತಿದ್ದವು, ಸರಿ. ಆಚೆ ಬದಿಯ ಬಿಎಂಟಿಸಿ ಬಸ್ಸಿನ ಮೇಲಿನ ಅಕ್ಷರ ಪೂರ್ತಿ ಉಲ್ಟಾ. ಅಂಟಿಸುವ ದಿಕ್ಕು ಬದಲಿಸಿದರೆ ಬಸ್ಸು ಸರಿಯಾಗುತ್ತದೆ, ಈಚೆಯವು ಉಲ್ಟಾ ಆಗುತ್ತವೆ. ಇನ್ನೊಂದು ತಮಾಷೆ: ದೂರದ ಗಾಡಿಯ ಎತ್ತರ ಕಮ್ಮಿಯಾಗುತ್ತದೆ, ಅಗಲ ಮಾತ್ರ ಕಮ್ಮಿಯಾಗಲ್ಲ. ಗೆರೆ ದಾಟಲು ಹಿಡಿದ ಸಮಯ ಅಷ್ಟೇ ತಾನೇ. ಅದಕ್ಕೇ ಆಚೆ ಲೇನಿನವೆಲ್ಲ ಕುಳ್ಳಗೆ, ಉದ್ದುದ್ದ.

ನಿಂತದ್ದೆಲ್ಲ ಅಡ್ಡಗೆರೆ. ಎದುರಿನ ಅಂಗಡಿ, ಕಾಂಪೌಂಡು ಎಲ್ಲ ಬಣ್ಣದ ಪಟ್ಟೆ. ಸರಿಯಾಗಿ ಗೆರೆ ಮೇಲೆ ಒಂದು ಆಟೊ ನಿಂತಿತು. ಅರ್ಧ ಆಟೊ ಚೆನ್ನಾಗಿ ಬಂದು, ಅಲ್ಲಿಂದ ಹಳದಿ ಹಸಿರು ಎಳೆದುಕೊಂಡು ಹೋಗಿ ಪಟಾಪಟಿ ಚಡ್ಡಿ ಆಯ್ತು. ಹಸಿರು ದೀಪ ಬಿದ್ದ ಮೇಲೆ ಉಳಿದರ್ಧ. ನಡೆದು ಹೋಗುವವರ ಮೈಕೈ ಅಳತೆ ಸರಿಯಾಗಿರುತ್ತದೆ, ಕಾಲು ಮಾತ್ರ ಎಡವಟ್ಟು. ಗೆರೆ ಮೇಲೆ ಊರಿದ ಪಾದ ಅಲ್ಲೇ ನಿಂತಿರುತ್ತದಾದ್ದರಿಂದ ಮೊಳದುದ್ದದ ಚಪ್ಪಲಿ ಬರುತ್ತದೆ. ಗೆರೆ ಬಿಟ್ಟು ಊರಿದವರ ಪಾದ ಬೇಗ ದಾಟಿಬಿಡುವುದರಿಂದ ಗಿಡ್ಡ.

ನನಗೆ ಜಾಸ್ತಿ ಹಿಡಿಸಿದ್ದು ಸೈಕಲ್ ಚಕ್ರ. ಸುತ್ತಳತೆ ದುಂಡಗೇ ಇದೆ, ಕಡ್ಡಿಗಳೆಲ್ಲ ಬಾಗಿವೆ. ಮೇಲ್ಗಡೆ ಒತ್ತೊತ್ತಾಗಿ, ಕೆಳಗಡೆ ದೂರದೂರ. ಉರುಳುವ ಚಕ್ರದಲ್ಲಿ ನೆಲ ಮುಟ್ಟಿದ ಜಾಗ ಆ ಕ್ಷಣಕ್ಕೆ ನಿಂತೇ ಇರುತ್ತದೆ, ನೆತ್ತಿ ಸೈಕಲ್ಲಿನ ಎರಡರಷ್ಟು ವೇಗದಲ್ಲಿ ಓಡುತ್ತದೆ. ಶಾಲೆಯಲ್ಲಿ ಓದಿದ್ದೇ, ಆದರೆ ಕಡ್ಡಿ ಎಣಿಸಿ ನೋಡುವ ಹಾಗೆ ಯಾರು ತೋರಿಸಿದ್ದರು?

ವಿಡಿಯೊ ರೂಪ ಇನ್ನೂ ಅರ್ಧದಲ್ಲಿದೆ. ಅಲ್ಲಿ ಫ್ರೇಮಿನ ಒಂದೊಂದು ಸಾಲನ್ನು ಒಂದೊಂದು ಸಮಯದಿಂದ ತರಬೇಕು. ತುದಿಯ ಸಾಲು ಈಗಿನದು, ಕೆಳಗೆ ಹೋದಷ್ಟೂ ಹಳೆಯದು. ಪೂರ್ತಿ ಅಳತೆಯಲ್ಲಿ ಸಾಲಿಗೊಂದು ಫ್ರೇಮ್ ಅಂದ್ರೆ 1080 ಫ್ರೇಮ್ ಮೆಮೊರಿಯಲ್ಲಿರಬೇಕು, ಸುಮಾರು 6.7 ಜಿಬಿ. ನನ್ನ 8 ಜಿಬಿ ಲ್ಯಾಪ್‌ಟಾಪ್‌ಗೆ ಅದು ಆಗದ ಮಾತು. 960×540ಕ್ಕೆ ಇಳಿಸಿ, ಐದು ಸಾಲಿಗೊಂದು ಫ್ರೇಮ್ ಇಟ್ಟಿದ್ದೇನೆ. ಮೇಲಿನಿಂದ ಕೆಳಕ್ಕೆ ಅರ್ಧ ಸೆಕೆಂಡಿಗೂ ಕಮ್ಮಿ ವ್ಯತ್ಯಾಸ, ಅಷ್ಟಕ್ಕೇ ಓಡುವ ಬಸ್ಸು ಮುಂದಕ್ಕೆ ವಾಲುತ್ತದೆ. ಬ್ರೇಕ್ ಹಾಕಿ ನಿಂತ ಕೂಡಲೇ ಕೆಳಭಾಗ ಬಂದು ಸೇರಿಕೊಂಡು ನೆಟ್ಟಗಾಗುತ್ತದೆ. ಹೊರಡುವಾಗ ಮೊದಲು ಚಾವಣಿ ಹೊರಡುತ್ತದೆ, ಚಕ್ರ ಆಮೇಲೆ. ಇದನ್ನು ಲೂಪ್‌ನಲ್ಲಿ ಹಾಕಿಕೊಂಡು ಸುಮ್ನೆ ನೋಡ್ತಾ ಕೂತುಬಿಡುತ್ತೇನೆ.

ಮಾಡಲು ಹೊರಟವರು ಫೋಕಸ್, ಎಕ್ಸ್‌ಪೋಷರ್ (ಬೆಳಕಿನ ಹೊಂದಿಕೆ), ವೈಟ್ ಬ್ಯಾಲೆನ್ಸ್ (ಬಣ್ಣದ ಹೊಂದಿಕೆ) ಮೂರನ್ನೂ ಲಾಕ್ ಮಾಡಿ. ಇಲ್ಲದಿದ್ದರೆ ಬಿಳಿ ಲಾರಿ ಬಂದಾಗಲೆಲ್ಲ ಪಟ್ಟಿಯಲ್ಲಿ ಕತ್ತಲೆಯ ಕಲೆ. ಸ್ಕೈವಾಕ್ ಬೇಡ. ಜನ ನಡೆದಾಗ ಅದು ಅದುರುತ್ತದೆ, ಅಡ್ಡಗೆರೆಗಳೆಲ್ಲ ಅಲೆಅಲೆಯಾಗುತ್ತವೆ. ರಾತ್ರಿ ಕರೆಂಟಿನ 50 ಹರ್ಟ್ಸ್‌ನಿಂದಾಗಿ ಕೆಲವು ದೀಪಗಳು ಸೆಕೆಂಡಿಗೆ 100 ಸಲ ಮಿಣುಕುತ್ತವೆ, 240 ಫ್ರೇಮ್‌ನಲ್ಲಿ ಅದು ಮೇಲಿಂದ ಕೆಳಕ್ಕೆ ಗೆರೆಗೆರೆಯಾಗಿ ಬೀಳುತ್ತದೆ. ಮುಂದಿನ ಸಲ ಹಿಂದಿನ ಬೀದಿಯ ತಾರಸಿಯಿಂದ ಜೂಮ್ ಹಾಕಿ ತೆಗೆಯುವ ಯೋಚನೆ ಇದೆ. ದೂರ ಹೋದಷ್ಟೂ ಎರಡು ಲೇನಿನ ಎತ್ತರದ ವ್ಯತ್ಯಾಸ ಕಮ್ಮಿಯಾಗಿ, ಆಚೆ ಬದಿಯ ಕುಳ್ಳ ಕಾರುಗಳಿಗೂ ಸ್ವಲ್ಪ ಮರ್ಯಾದೆ ಬರಬಹುದು.