ಹಸಿ ಮಾಂಸ ಮತ್ತು ಎಂಜೈಮ್ ವಾದ

ಬೇಯಿಸಿದರೆ ಮಾಂಸದ ಎಂಜೈಮ್‌ಗಳೂ (ದೇಹದ ರಾಸಾಯನಿಕ ಕ್ರಿಯೆಗಳನ್ನು ಚುರುಕುಗೊಳಿಸುವ ವಸ್ತುಗಳು) ವಿಟಮಿನ್‌ಗಳೂ ಹಾಳಾಗುತ್ತವೆ, ಅದಕ್ಕೇ ಹಸಿಯಾಗಿ ತಿನ್ನಿ ಎಂದು ಕೆಲವರು ಹೇಳುತ್ತಾರೆ. ಎಂಜೈಮ್ ಕೂಡ ಪ್ರೋಟೀನೇ. ಹೊಟ್ಟೆಗಿಳಿದರೆ ಅದೂ ಮಾಂಸದ ಹಾಗೇ ಜೀರ್ಣವಾಗುತ್ತದೆ. ವಿಟಮಿನ್ ಮಾತಿನಲ್ಲಿ ಸ್ವಲ್ಪ ಸತ್ಯವಿದೆ: ಬಿ1 ಬಿಸಿಗೆ ಕಡಿಮೆಯಾಗುತ್ತದೆ, ನೀರಿಗೂ ಇಳಿಯುತ್ತದೆ. ಸಾರು ಚೆಲ್ಲದೆ ಉಂಡರೆ ನೀರಿಗಿಳಿದದ್ದು ಸಿಗುತ್ತದೆ.

ಹಸಿ ಮಾಂಸದಲ್ಲಿ ರೋಗ ತರುವ ಬ್ಯಾಕ್ಟೀರಿಯಾ ಇರಬಹುದು, ಹೆಚ್ಚು ಅಪಾಯ ಕೈಮಾದಲ್ಲಿ. ಇಡೀ ತುಂಡಿನಲ್ಲಿ ಬ್ಯಾಕ್ಟೀರಿಯಾ ಬಹುಪಾಲು ಮೇಲ್ಮೈಯಲ್ಲಿರುತ್ತವೆ. ಕೊಚ್ಚಿದಾಗ ಒಳಗೆಲ್ಲ ಹರಡುತ್ತವೆ. ಹಾಗಾಗಿ ಕೈಮಾದ ನಡುಭಾಗ 71 ಡಿಗ್ರಿ, ಕೋಳಿ 74 ಡಿಗ್ರಿ ಸೆಲ್ಸಿಯಸ್ ಮುಟ್ಟಲೇಬೇಕು. ಥರ್ಮಾಮೀಟರ್ ಕಡ್ಡಿಯನ್ನು ಮೂಳೆಗೆ ತಾಗಿಸದೆ ದಪ್ಪ ಭಾಗಕ್ಕೆ ಚುಚ್ಚಿ. ಫ್ರೀಜರನ್ನು ನಂಬಬೇಡಿ, ಹೊಟ್ಟೆ ಕೆಡಿಸುವ ಸಾಲ್ಮೊನೆಲ್ಲಾ ಬ್ಯಾಕ್ಟೀರಿಯಾ ಅಲ್ಲಿ ಬೆಳೆಯುವುದಿಲ್ಲ, ಆದರೆ ಬದುಕಿರುತ್ತದೆ. ಹಂದಿಮಾಂಸದಲ್ಲಿ ಅಕ್ಕಿಕಾಳಿನಂಥ ಬಿಳಿ ಗುಳ್ಳೆಗಳು ಕಂಡರೆ ಅವು ಲಾಡಿಹುಳುವಿನ ಮರಿಗಳಿರಬಹುದು, ಆ ಮಾಂಸ ಕೊಳ್ಳಲೇಬೇಡಿ. ಗರ್ಭಿಣಿಯರಿಗೆ, ಮಕ್ಕಳಿಗೆ ಹಸಿ ಮಾಂಸ ತಿನ್ನಲು ಹೇಳುವುದಂತೂ ದೊಡ್ಡ ತಪ್ಪು.