ಬಳ್ಳಿ ತರೋ ಮುಂಚೆ ಅದು ಹೇಗೆ ಹತ್ತತ್ತೆ ಅಂತ ಕೇಳಿ

ನರ್ಸರಿಗೆ ಬಳ್ಳಿ ತಗೊಳೋಕೆ ಬಂದೋರು ಕೇಳೋದೇ ಎರಡು ಪ್ರಶ್ನೆ, ಹೂವು ಯಾವ ಬಣ್ಣ, ಬಿಸಿಲು ಎಷ್ಟು ಬೇಕು. ಇದು ಏನನ್ನ ಹಿಡ್ಕೊಂಡು ಮೇಲೆ ಹೋಗತ್ತೆ ಅಂತ ಕೇಳೋರು ಬಹಳ ಕಮ್ಮಿ, ನನ್ನ ಪ್ರಕಾರ ಮೊದಲು ಕೇಳಬೇಕಾದ್ದೇ ಅದು. ಎಲ್ಲಾದಕ್ಕೂ ಒಂದೇ ಹಸಿರು ನೆಟ್ ಕಟ್ಟಿಬಿಡ್ತಾರೆ, ಆಮೇಲೆ ಹತ್ತಲಿಲ್ಲ, ಜೋತು ಬಿತ್ತು ಅಂತ ಕಿತ್ತು ಬಿಸಾಕ್ತಾರೆ. ಅದನ್ನ ನೋಡಿದ್ರೆ ನಿಜವಾಗ್ಲೂ ಸಂಕಟ ಆಗತ್ತೆ.

ಶಂಖಪುಷ್ಪ, ಅವರೆ, ಅಲಸಂದೆ, ಬಸಳೆ, ಅಮೃತಬಳ್ಳಿ ಇವಕ್ಕೆಲ್ಲ ಹಿಡ್ಕೊಳ್ಳೋಕೆ ಅಂತ ಬೇರೆ ಏನೂ ಇಲ್ಲ, ಕಾಂಡನೇ ಸುತ್ತಬೇಕು. ಅದಕ್ಕೆ ಬಳ್ಳಿ ತುದಿ ದಿನವಿಡೀ ಗಾಳಿಯಲ್ಲಿ ನಿಧಾನಕ್ಕೆ ಸುತ್ತು ಹಾಕ್ತಾ ಏನಾದ್ರೂ ತಗಲತ್ತಾ ಅಂತ ಹುಡುಕ್ತಾ ಇರತ್ತೆ. ಡಾರ್ವಿನ್ ಒಂದ್ಸಲ ಕಾಯಿಲೆ ಆಗಿ ರೂಮ್ ಬಿಟ್ಟು ಹೊರಗೆ ಬರೋಕೆ ಆಗದೇ ಇದ್ದಾಗ ಹಾಪ್ಸ್ ಅಂತ ಬಿಯರ್‌ಗೆ ಹಾಕೋ ಹೂವಿನ ಬಳ್ಳಿಯ ಕುಂಡ ಒಂದನ್ನ ಒಳಗೇ ಇಟ್ಕೊಂಡು ಹಗಲು ರಾತ್ರಿ ಅದನ್ನೇ ಗಮನಿಸಿದ್ರು, ಸೆಖೆ ಇದ್ದಾಗ ಒಂದು ಸುತ್ತಿಗೆ ಸರಾಸರಿ 2 ಗಂಟೆ 8 ನಿಮಿಷ ಅಂತ ಲೆಕ್ಕ ಸಿಕ್ತು, ಬಳ್ಳಿಗಳ ಬಗ್ಗೆ ಅವರ ಉದ್ದದ ಪ್ರಬಂಧ 1865ರಲ್ಲಿ ಬಂತು. ನೀವೂ ನೋಡಬಹುದು, ಬೆಳಿಗ್ಗೆ ಅವರೆ ಬಳ್ಳಿ ತುದಿ ಯಾವ ಕಡೆ ಮುಖ ಮಾಡಿದೆ ಅಂತ ಒಂದು ಕಡ್ಡಿ ನೆಟ್ಟು ಗುರುತು ಇಟ್ಕೊಂಡು, ತಿಂಡಿ ಗಿಂಡಿ ಮುಗಿಸಿ ಬನ್ನಿ, ತುದಿ ಬೇರೆ ಕಡೆ ತಿರುಗಿರತ್ತೆ. ಮೇಲಿಂದ ನೋಡಿದ್ರೆ ಹೆಚ್ಚಿನ ಬಳ್ಳಿಗಳು ಗಡಿಯಾರದ ಮುಳ್ಳಿನ ಎದುರು ದಿಕ್ಕಿಗೇ ಸುತ್ತೋದು, ಅವರೆನೂ ಹಾಗೇ. ಬಿಚ್ಚಿಕೊಂಡಿರೋ ಕುಡಿನ ನಾವು ಕೈಯಾರೆ ಸುತ್ತುವಾಗ ಉಲ್ಟಾ ಸುತ್ತಿಬಿಟ್ರೆ ಅದು ನಿಲ್ಲಲ್ಲ, ಮತ್ತೆ ಕಳಚಿಕೊಳ್ಳತ್ತೆ.

ಇಂಥವಕ್ಕೆ ನೆಟ್ಟಗೆ ನಿಂತ ಆಸರೆ ಬೇಕು, ಇಳಿಬಿಟ್ಟ ಹಗ್ಗ, ಬಿದಿರು ಕಡ್ಡಿ, ಅಷ್ಟೇ ಸಾಕು. ದಪ್ಪ ಕಾಂಕ್ರೀಟ್ ಕಂಬಕ್ಕೆ ಶಂಖಪುಷ್ಪ ಬಿಟ್ರೆ ಅದನ್ನ ಬಳಸಿ ಸುತ್ತೋಕೆ ಪಾಪ ಅದಕ್ಕೆ ಆಗಲ್ಲ, ಕಂಬದ ಪಕ್ಕ ಒಂದು ದಾರ ಇಳಿಬಿಡಿ. ಕರಾವಳಿ ಕಡೆ ಬಸಳೆ ಚಪ್ಪರನ ಬಚ್ಚಲು ನೀರು ಹೋಗೋ ಜಾಗದಲ್ಲೋ ಬಾವಿಕಟ್ಟೆ ಹತ್ರನೋ ಹಾಕ್ತಾರಲ್ಲ, ಒಲೆ ಬೂದಿ, ಸುಡುಮಣ್ಣು ಬುಡಕ್ಕೆ ಬೀಳತ್ತೆ, ಬೇರೆಯಾಗಿ ನೀರು ಹಾಕೋ ಕೆಲಸ ಇಲ್ಲ. ಎಷ್ಟು ಚೆಂದದ ವ್ಯವಸ್ಥೆ ಅದು!

ಹೀರೆ, ಪಡವಲ, ಹಾಗಲ, ಸೋರೆದು ಬೇರೆನೇ ರೀತಿ. ಎಲೆ ಬುಡದಿಂದ ಸಪೂರ ಎಳೆ ಹೊರಡತ್ತಲ್ಲ, ಅದು ಏನನ್ನಾದ್ರೂ ಮುಟ್ಟಿದ್ರೆ ಸುತ್ತಿಕೊಳ್ಳತ್ತೆ, ಆಮೇಲೆ ಮಧ್ಯದ ಭಾಗ ಸ್ಪ್ರಿಂಗ್ ಥರ ಸುರುಳಿ ಆಗಿ ಬಳ್ಳಿನ ಆಸರೆ ಹತ್ರ ಎಳ್ಕೊಳ್ಳತ್ತೆ. ಆ ಸುರುಳಿನ ಹತ್ರದಿಂದ ನೋಡಿ, ಅರ್ಧ ಒಂದು ದಿಕ್ಕಿಗೆ, ಇನ್ನರ್ಧ ಎದುರು ದಿಕ್ಕಿಗೆ ತಿರುಗಿರತ್ತೆ. ಎರಡೂ ತುದಿ ಗಟ್ಟಿ ಆಗಿರೋವಾಗ ಒಂದೇ ಕಡೆಗೆ ಸುತ್ತಿದ್ರೆ ಎಳೆನೇ ತಿರುಚಿಕೊಂಡು ಹೋಗ್ತಿತ್ತು, ಅದಕ್ಕೆ ನಡುವೆ ದಿಕ್ಕು ಬದಲಾಗತ್ತೆ. ಮಳೆಗಾಳಿಗೆ ಬಳ್ಳಿ ಹರಿಯದೇ ಉಳಿಯೋದೂ ಇದರಿಂದಾನೇ. ನೆಟ್ ಕಟ್ಟೋದಾದ್ರೆ ಇವಕ್ಕೆ ಕಟ್ಟಿ, ದಪ್ಪ ಗಳನ ಹಿಡಿಯೋಕೆ ಆ ಎಳೆಗೆ ಆಗಲ್ಲ. ತೊಂಡೆನೂ ಇದೇ ಜಾತಿ, ಆದ್ರೆ ಅದನ್ನ ಬೀಜದಿಂದ ಮಾಡೋಕೆ ಹೋಗಬೇಡಿ, ಚೆನ್ನಾಗಿ ಕಾಯಿ ಬಿಡೋ ಹೆಣ್ಣು ಬಳ್ಳಿಯ ತುಂಡು ತಂದು ನೆಡಿ, ಊರಿನ ತೊಂಡೆ ಗಂಡು ಬಳ್ಳಿ ಇಲ್ಲದೇನೂ ಕಾಯಿ ಕಚ್ಚತ್ತೆ. ಮಾಡಹಾಗಲ ಹಾಗಲ್ಲ, ಅದಕ್ಕೆ ಗಂಡು ಬಳ್ಳಿ ಪಕ್ಕದಲ್ಲಿ ಇರಲೇಬೇಕು, ಒಂದೇ ಗೆಡ್ಡೆ ನೆಟ್ಟು ಕಾಯ್ತಾ ಕೂತ್ರೆ ಏನೂ ಸಿಗಲ್ಲ.

ನನಗೆ ಎಲ್ಲಕ್ಕಿಂತ ಇಷ್ಟ ಕಾಳುಮೆಣಸು. ಗಿಣ್ಣು ಗಿಣ್ಣಿಗೂ ಬೇರು ಬಿಟ್ಟು ಮರದ ತೊಗಟೆಗೆ ಅಂಟಿಕೊಂಡು ಹೋಗತ್ತೆ, ಅದಕ್ಕೆ ತೊಗಟೆ ಒರಟಾಗಿರಬೇಕು, ಹಾಲುವಾಣ, ಸಿಲ್ವರ್ ಓಕ್ ಇದಕ್ಕೆಲ್ಲ ಹಬ್ಬಿಸೋದು ಸುಮ್ನೆ ಅಲ್ಲ. ಪೇರಲೆ ಮರಕ್ಕೆ ಬಿಡಬೇಡಿ, ಅದರ ಸಿಪ್ಪೆ ಏಳ್ತಾ ಇರತ್ತೆ, ಜೊತೆಗೆ ಬಳ್ಳಿನೂ ಕಳಚಿಕೊಳ್ಳತ್ತೆ. ಮರದ ಉತ್ತರದ ಬದಿಗೆ ನೆಟ್ರೆ ಬೇಸಿಗೆ ಬಿಸಿಲು ನೇರ ಬಡಿಯಲ್ಲ, ಮೊದಲ ವರ್ಷ ಬಾಳೆ ನಾರಲ್ಲಿ ಅಲ್ಲಲ್ಲಿ ಸಡಿಲವಾಗಿ ಕಟ್ಟಿ ಕೊಟ್ರೆ ಆಮೇಲೆ ತಾನೇ ನೋಡ್ಕೊಳ್ಳತ್ತೆ. ಇನ್ನೊಂದು ವಿಷಯ ಅಪಾರ್ಟ್‌ಮೆಂಟಲ್ಲಿ ಇರೋರಿಗೆ: ಮೇಲೆ ಹತ್ತೋ ಕುಡಿ ಬೇರೆ, ಪಕ್ಕಕ್ಕೆ ಚಾಚಿ ಕರೆ, ಅಂದ್ರೆ ಮೆಣಸಿನ ಗೊಂಚಲು, ಬಿಡೋ ರೆಂಬೆ ಬೇರೆ. ಆ ಪಕ್ಕದ ರೆಂಬೆನ ಬೇರು ಬರಿಸಿ ನೆಟ್ರೆ ಅದು ಹತ್ತೋದೇ ಇಲ್ಲ, ಪೊದೆ ಆಗಿ ಕುಂಡದಲ್ಲೇ ಮೆಣಸು ಬಿಡತ್ತೆ, ಬುಷ್ ಪೆಪ್ಪರ್ ಅಂತ ಮಾರೋದು ಇದನ್ನೇ. ಬಾಲ್ಕನಿಗೆ ಇದಕ್ಕಿಂತ ಒಳ್ಳೇ ಗಿಡ ನಾನು ನೋಡಿಲ್ಲ.

ಮನಿ ಪ್ಲಾಂಟೂ ಬೇರಲ್ಲೇ ಹತ್ತೋದು. ತೂಗುಬಿಟ್ಟ ಕುಂಡದಲ್ಲಿ ಅದರ ಎಲೆ ಸಣ್ಣದಾಗೇ ಇರತ್ತೆ, ಮರ ಹತ್ತೋಕೆ ಬಿಟ್ರೆ ಮೊರದಗಲ ಆಗತ್ತೆ.

ಬೋಗನ್‌ವಿಲ್ಲಾ, ಜಾಜಿ ಇವು ತಾವಾಗೇ ಗಟ್ಟಿಯಾಗಿ ಹಿಡಿಯೋವಲ್ಲ, ಬೇರೆ ಗಿಡದ ಮೇಲೆ ಒರಗಿ ಹೋಗೋವು, ಹಾಗಾಗಿ ನೀವೇ ಕಟ್ಟಬೇಕು, ವರ್ಷಕ್ಕೊಮ್ಮೆ ಧೈರ್ಯವಾಗಿ ಕತ್ತರಿಸಬೇಕು. ರಂಗೂನ್ ಮಲ್ಲಿಗೆದು ಇನ್ನೂ ಚೆನ್ನ, ಎಲೆ ಉದುರಿದ ಮೇಲೆ ತೊಟ್ಟಿನ ಬುಡ ಗಟ್ಟಿಯಾಗಿ ಮುಳ್ಳಾಗಿ ಉಳಿದು ಕೊಕ್ಕೆ ಹಾಕ್ಕೊಳ್ಳತ್ತೆ. ಸಂಜೆ ಬಿಳಿಯಾಗಿ ಅರಳಿ ಆಮೇಲೆ ಗುಲಾಬಿ, ಕೆಂಪು ಆಗೋ ಹೂವು, ಒಂದೇ ಗೊಂಚಲಲ್ಲಿ ಮೂರೂ ಬಣ್ಣ. ಮಲೆನಾಡಲ್ಲಿ ಮಳೆಗಾಲಕ್ಕೆ ಬೇಲಿ ಮೇಲೆ ಕಾಣೋ ಗೌರಿ ಹೂವು ಎಲೆಯ ತುದಿನೇ ಉದ್ದ ಮಾಡಿ ಸುತ್ತಿಕೊಳ್ಳತ್ತೆ, ನೋಡೋಕೆ ಬೆಂಕಿ ಬಣ್ಣ, ಆದ್ರೆ ಗೆಡ್ಡೆಯಿಂದ ಹಿಡಿದು ಎಲ್ಲಾ ವಿಷ, ಮಕ್ಕಳು, ದನ ಓಡಾಡೋ ಕಡೆ ಖಂಡಿತ ಬೇಡ.

ಕಡೆಗೆ ಒಂದು ಬಳ್ಳಿ ಬಗ್ಗೆ ಹೇಳಲೇಬೇಕು. ಥನ್‌ಬರ್ಜಿಯಾ ಮೈಸೂರೆನ್ಸಿಸ್. ಹೆಸರಲ್ಲೇ ಮೈಸೂರು, ಹುಟ್ಟೂರು ನಮ್ಮ ದಕ್ಷಿಣ ಭಾರತನೇ, ಹೊರದೇಶದಲ್ಲಿ ಗ್ಲಾಸ್‌ಹೌಸ್ ಕಟ್ಟಿ ಬೆಚ್ಚಗಿಟ್ಟು ಸಾಕ್ತಾರೆ, ನಮ್ಮಲ್ಲಿ ಎಷ್ಟೋ ಜನಕ್ಕೆ ಗೊತ್ತೇ ಇಲ್ಲ. ಹಳದಿ, ಕೆಂಗಂದು ಬಣ್ಣದ ಹೂವಿನ ಮಾಲೆಗಳು ಉದ್ದಕ್ಕೆ ಕೆಳಗೆ ಇಳೀತಾವೆ, ಸೂರಕ್ಕಿಗಳು ಬಿಡದೇ ಬರ್ತಾವೆ. ಇದು ಕಾಂಡ ಸುತ್ತೋ ಜಾತಿ, ಕಟಿಂಗ್‌ನಿಂದ ಬರತ್ತೆ. ಗೋಡೆ ಪಕ್ಕ ಹಾಕಿದ್ರೆ ಇದರ ಅಂದ ಅರ್ಧ ಹೋಯ್ತು, ಮಾಲೆ ಇಳಿಯೋಕೆ ಕೆಳಗೆ ಖಾಲಿ ಜಾಗ ಬೇಕು, ಅದಕ್ಕೆ ಚಪ್ಪರನೇ ಆಗಬೇಕು. ದೊಡ್ಡದಾಗಿ ಬೆಳೆಯೋ ಭಾರದ ಬಳ್ಳಿ, ಸಪೂರ ಕಡ್ಡಿಗಳು ಸಾಲಲ್ಲ, ಕಬ್ಬಿಣದ ಪೈಪ್ ಹಾಕಿಸಿ. ಎತ್ತರ ಎಂಟು ಒಂಬತ್ತು ಅಡಿ ಇರಲಿ, ಕಮ್ಮಿ ಆದ್ರೆ ಓಡಾಡುವಾಗ ಹೂವೆಲ್ಲ ತಲೆಗೆ ತಾಗಿ ಉದುರತ್ತೆ.