ಮರುಭೂಮಿಯ ಕಲ್ಲಿಗೆ ಮಡಿಕೇರಿಯ ಮಳೆಗಾಲ

ಜೈಸಲ್ಮೇರ್, ಕಛ್ ಕಡೆ ಹೋಗಿಬಂದವರ ಶೋಕೇಸಿನಲ್ಲಿ ಒಂದೆರಡು ಕಲ್ಲು ಇದ್ದೇ ಇರುತ್ತವೆ. ಅಲ್ಲಿ ಬಿಸಿಲಿಗೆ ಜಗ್ಗದ ಕಲ್ಲು ಇಲ್ಲಿ ಕಕ್ಕಡ ತಿಂಗಳು (ಜುಲೈ ನಡುವಿನಿಂದ ಆಗಸ್ಟ್ ನಡುವಿನವರೆಗೆ) ಮುಗಿಯುವಷ್ಟರಲ್ಲಿ ಪುಡಿ ಉದುರಿಸತೊಡಗುತ್ತದೆ. ಮಳೆಗಾಲದ ಕೊಡಗಿನಲ್ಲಿ ತೇವಾಂಶ ಶೇ 90 ದಾಟುವ ದಿನಗಳೇ ಹೆಚ್ಚು. ಚಪ್ಪಲಿ, ಬೆಲ್ಟಿಗೆ ಹಿಡಿಯುವ ಬೂಷ್ಟು ಕಣ್ಣಿಗೆ ಕಾಣುತ್ತದೆ, ಕಲ್ಲು ಕೆಡುವುದು ಕಾಣುವುದಿಲ್ಲ.

ಮನೆಗೆ ತಂದ ಕೂಡಲೇ ನಲ್ಲಿ ಕೆಳಗೆ ಹಿಡಿಯಬೇಡಿ. ಯಾವ ಕಲ್ಲೆಂದು ಮೊದಲು ಗೊತ್ತಾಗಲಿ. ಉಗುರಿಗೇ ಗೀರು ಬಿದ್ದರೆ ಬಹುತೇಕ ಜಿಪ್ಸಮ್. 1ರಿಂದ 10ರವರೆಗಿನ ಮೋಸ್ ಮಾಪಕದಲ್ಲಿ ಅದರ ಗಡಸುತನ 2, ಉಗುರಿನದು ಸುಮಾರು 2.5. ‘ಮರುಭೂಮಿ ಗುಲಾಬಿ’ ಎಂದು ಮಾರುವ ದಳದಳದ ಹರಳು ಸಾಮಾನ್ಯವಾಗಿ ಇದೇ. ಮೊಳೆಗೆ ಗೀರು ಬಿದ್ದು, ಆ ಪುಡಿಯ ಮೇಲೆ ನಿಂಬೆರಸ ಬಿಟ್ಟರೆ ನೊರೆ ಎದ್ದರೆ ಸುಣ್ಣಕಲ್ಲು. ಜೈಸಲ್ಮೇರಿನ ಹಳದಿ ಕಲ್ಲು, ಚಿಪ್ಪುಗಳಿಂದ ಇಡುಕಿರಿದ ಹಾಬೂರ್ ಕಲ್ಲು ಈ ಜಾತಿಯವು. ಗಾಜನ್ನೇ ಗೀರಿದರೆ ಬಹುತೇಕ ಅಗೇಟ್ ಅಥವಾ ಕಲ್ಲಾದ ಮರ. ನಿಂಬೆರಸದ ಬದಲು ಕೊಡಗಿನ ಕಪ್ಪು ಹುಳಿರಸ ಕಾಚಂಪುಳಿ ಬಳಸಬೇಡಿ; ಅದೂ ಹುಳಿಯೇ, ಆದರೆ ಅದರ ಕಪ್ಪು ಕಲೆ ಕಲ್ಲಿನಿಂದ ಬಿಡದು, ಅಡುಗೆಮನೆಯಲ್ಲೇ ಇರಲಿ. ಕಲ್ಲಿನ ಮೇಲೆ ಜರಿಗಿಡದಂಥ ಕಪ್ಪು ಚಿತ್ತಾರವಿದ್ದರೆ ಪಳೆಯುಳಿಕೆ ಎಂದು ಹಿಗ್ಗಬೇಡಿ. ಬಿರುಕಿನಲ್ಲಿ ಹರಡಿದ ಮ್ಯಾಂಗನೀಸ್ ಆಕ್ಸೈಡ್ ಅದು. ಎಲೆಯಾದರೆ ನಡುನರ ಇರಬೇಕಿತ್ತು.

ಜಿಪ್ಸಮ್ಮಿಗೆ ನೀರು ಆಗದು. ಒಂದು ಲೀಟರಿನಲ್ಲಿ ಸುಮಾರು 2 ಗ್ರಾಂ ಕರಗುತ್ತದೆ, ದಳದ ಅಂಚು ಮೊದಲು ಮೊಂಡಾಗುತ್ತದೆ. ಒಣ ಮೆದು ಬ್ರಷ್ ಸಾಕು. ಬೆಚ್ಚಗಿರಲಿ ಎಂದು ಒಲೆ ಮೇಲಿನ ಅಟ್ಟದಲ್ಲಿ ಇಟ್ಟರೂ ಕೆಟ್ಟಿತು: ಹರಳಿನೊಳಗಿನ ನೀರು ಹೋಗಿ, ಬೆಳ್ಳಗೆ ಪ್ಲಾಸ್ಟರ್ ಪುಡಿಯಾಗುತ್ತದೆ.

ದೊಡ್ಡ ಕಾಟ ಉಪ್ಪಿನದು. ಉಪ್ಪುನೆಲದಿಂದ ಬಂದ ಕಲ್ಲಿನ ರಂಧ್ರಗಳಲ್ಲಿ ಉಪ್ಪು ಅಡಗಿರುತ್ತದೆ. ತೇವಾಂಶ ಶೇ 75 ದಾಟಿದರೆ ಅಡುಗೆ ಉಪ್ಪು ಗಾಳಿಯ ನೀರು ಹೀರಿ ಕರಗುತ್ತದೆ, ಒಂದು ದಿನ ಬಿಸಿಲು ಬಂದರೆ ಮತ್ತೆ ಹರಳುಗಟ್ಟುತ್ತದೆ. ಹರಳು ಬೆಳೆಯುವಾಗ ಕಲ್ಲಿನ ಪದರವನ್ನೇ ಎತ್ತುತ್ತದೆ. ಒರೆಸಿದರೂ ಬಿಳಿ ಹುಡಿ ಮರಳಿ ಬರುವುದು ಇದಕ್ಕೇ. ಕಲ್ಲಾದ ಮರ, ಗಟ್ಟಿ ಸುಣ್ಣಕಲ್ಲಾದರೆ ಬ್ಯಾಟರಿ ಅಂಗಡಿಯ ಡಿಸ್ಟಿಲ್ಡ್ ವಾಟರಿನಲ್ಲಿ ಮುಳುಗಿಸಿ, ದಿನಕ್ಕೊಮ್ಮೆ ನೀರು ಬದಲಿಸಿ. ತೆಗೆದ ನೀರಿನ ಒಂದು ಹನಿಯನ್ನು ಗಾಜಿನ ಮೇಲೆ ಒಣಗಿಸಿ ನೋಡಿ. ಬಿಳಿ ಉಂಗುರ ತೀರಾ ಮಸುಕಾಗಿ, ಮರುದಿನವೂ ಅಷ್ಟೇ ಇದ್ದರೆ ನಿಲ್ಲಿಸಬಹುದು.

ಪೈರೈಟ್ ಸೇರಿದ ಪಳೆಯುಳಿಕೆಯನ್ನು ಮಾತ್ರ ನೆನೆಸಲೇಬೇಡಿ. ಹಿತ್ತಾಳೆ ಹೊಳಪಿನ ಈ ಖನಿಜ ತೇವ, ಆಮ್ಲಜನಕ ಎರಡೂ ಸಿಕ್ಕರೆ ಕಬ್ಬಿಣದ ಸಲ್ಫೇಟ್ ಮತ್ತು ಗಂಧಕಾಮ್ಲವಾಗುತ್ತದೆ. ಮೊದಲು ಗಂಧಕದ ಘಾಟು, ಆಮೇಲೆ ಬೂದು-ಹಳದಿ ಪುಡಿ, ಕೊನೆಗೆ ಕೆಳಗಿಟ್ಟ ಚೀಟಿ ಸುಟ್ಟಂತೆ ಕಂದುಗಟ್ಟಿ ಮುಟ್ಟಿದರೆ ಹರಿಯುತ್ತದೆ. ಮೇಲೆ ವಾರ್ನಿಶ್ ಬಳಿಯುವ ಸಲಹೆ ಎಲ್ಲರೂ ಕೊಡುತ್ತಾರೆ. ಒಳಗಿನ ತೇವ ಒಳಗೇ ಉಳಿಯುವುದರಿಂದ ಅದು ದಂಡ. ಪುಡಿಯನ್ನು ಒಣ ಬ್ರಷ್ಷಿನಿಂದ ತೆಗೆದು, ಬೇರೆ ಕಲ್ಲುಗಳಿಂದ ದೂರವಿಟ್ಟು, ಶೇ 40ಕ್ಕಿಂತ ಕಡಿಮೆ ತೇವದಲ್ಲಿ ಇಡುವುದೊಂದೇ ದಾರಿ.

ಅದಕ್ಕೆ ರಬ್ಬರ್ ಅಂಚಿನ ಪ್ಲಾಸ್ಟಿಕ್ ಡಬ್ಬ ಸಾಕು. ಪ್ರತಿ ಲೀಟರ್ ಜಾಗಕ್ಕೆ 20 ಗ್ರಾಂ ಸಿಲಿಕಾ ಜೆಲ್ (ತೇವ ಹೀರುವ ಹರಳು), ಅಂದರೆ 5 ಲೀಟರಿನ ಡಬ್ಬಕ್ಕೆ 100 ಗ್ರಾಂ. ಜೊತೆಗೆ ಪುಟ್ಟ ತೇವಮಾಪಕ. ಕಿತ್ತಳೆ ಬಣ್ಣದ ಜೆಲ್ ಹಸಿರಾದರೆ ಓವನ್ನಿನಲ್ಲಿ 110-120 ಡಿಗ್ರಿಯಲ್ಲಿ ಬಣ್ಣ ಮರಳುವವರೆಗೆ ಕಾಯಿಸಿ, ಮುಚ್ಚಿಟ್ಟು ಆರಿದ ಮೇಲೆ ಹಾಕಿ. ಮಳೆಗಾಲದಲ್ಲಿ ಪದೇಪದೇ ಮುಚ್ಚಳ ತೆಗೆದು ನೆಂಟರಿಗೆ ತೋರಿಸಿದರೆ ಜೆಲ್ ಎಷ್ಟಿದ್ದರೂ ಸಾಲದು. ಕಲ್ಲಿಗೆ ಹಾಸಲು ಹಳೇ ಪೇಪರು, ಹತ್ತಿ ಬೇಡ, ಎರಡೂ ತೇವ ಹಿಡಿಯುತ್ತವೆ. ಚಿಪ್ಪು, ಸುಣ್ಣಕಲ್ಲಿಗೆ ಪ್ಲೈವುಡ್ ಡ್ರಾಯರ್ ಕೂಡ ಒಳ್ಳೆಯದಲ್ಲ. ಮರದಿಂದ ಹೊರಡುವ ಆಮ್ಲದ ಆವಿ ತೇವದ ಜೊತೆ ಸೇರಿ ಅವುಗಳನ್ನು ನಿಧಾನಕ್ಕೆ ತಿನ್ನುತ್ತದೆ.

ಜೈಸಲ್ಮೇರ್ ಹತ್ತಿರದ ಆಕಲ್ ಪಾರ್ಕಿನಲ್ಲಿರುವ ಸುಮಾರು 18 ಕೋಟಿ ವರ್ಷ ಹಳೆಯ ಕಲ್ಲಾದ ಮರಗಳಿಂದ ಚೂರು ಎತ್ತುವುದು ನಿಷಿದ್ಧ, ಅಲ್ಲಿ ಫೋಟೊ ತೆಗೆದು ಬನ್ನಿ. ಕೊಂಡ ಕಲ್ಲಿನ ಜೊತೆ ಊರು, ದಿನಾಂಕ ಬರೆದ ಚೀಟಿ ಇರಲಿ. ನಮ್ಮ ಕೊಡಗಿನ ನೈಸ್, ಚಾರ್ನಕೈಟ್ ಬಂಡೆಗಳಲ್ಲಿ ಪಳೆಯುಳಿಕೆ ಸಿಗುವುದಿಲ್ಲ. ಚೀಟಿ ಕಳೆದರೆ ‘ಹೊರಗಿನದು’ ಎನ್ನುವುದಷ್ಟೇ ಉಳಿಯುತ್ತದೆ. ಬರೆಯುವುದು ಪೆನ್ಸಿಲಿನಲ್ಲಿ. ಜೆಲ್ ಪೆನ್ನಿನ ಶಾಯಿ ಜುಲೈ ಹೊತ್ತಿಗೆ ಹರಡಿಕೊಂಡಿರುತ್ತದೆ.